ತುಂಬಿದ ಹೊಳೆ ದಾಟುವ ವಿದ್ಯೆ

ಬಂಡೆಗಳ ನಡುವೆ ನೊರೆಯುಕ್ಕಿಸುತ್ತ ಧುಮುಕುವ ಹೊಳೆಯಲ್ಲಿ ಕಯಾಕ್ ಇಳಿಸುವ ಸಾಹಸ ಕನ್ನಡನಾಡಿಗೆ ಬಂದು ಹೆಚ್ಚು ಕಾಲವಾಗಿಲ್ಲ. ಆ ಮಾತು ಬಂದಾಗ ಜನರಿಗೆ ನೆನಪಾಗುವುದು ಮಳೆಗಾಲದಲ್ಲಿ ಮೈದುಂಬುವ ಕೊಡಗಿನ ಬರಪೊಳೆ ಅಥವಾ ದಾಂಡೇಲಿಯ ಕಾಳಿ. ರಾಯಚೂರು ಸೀಮೆಯನ್ನು ಆ ಸಾಲಿಗೆ ಯಾರೂ ಸೇರಿಸುವುದಿಲ್ಲ. ಬಿಸಿಲು, ಹತ್ತಿ, ಭತ್ತದ ಕ್ಯಾಂಪುಗಳು, ಶಕ್ತಿನಗರದ ಹೊಗೆಕೊಳವೆ, ಇಷ್ಟರಲ್ಲೇ ಈ ಜಿಲ್ಲೆಯ ಚಿತ್ರ ಮುಗಿದುಹೋಗುತ್ತದೆ. ಆದರೆ ಶಾಸನಗಳು ಎಡೆದೊರೆ ಎಂದು ಕರೆದ, ಕೃಷ್ಣೆ ತುಂಗಭದ್ರೆಯರ ನಡುವಿನ ಈ ನಾಡಿನಲ್ಲಿ ಬಂಡೆ ಮತ್ತು ಸೆಳವಿನ ಜೊತೆ ಏಗುವ ವಿದ್ಯೆ ಶತಮಾನಗಳಿಂದ ಇತ್ತು. ಹೊಳೆಯ ಗುಂಟ ಕೆಳಗಿಳಿಯುವುದು ಅದರ ಗುರಿಯಾಗಿರಲಿಲ್ಲ. ತುಂಬಿದ ಹೊಳೆಯನ್ನು ಅಡ್ಡಕ್ಕೆ ದಾಟಿ ಆಚೆ ದಡ ಸೇರುವುದು ಅದರ ಕೆಲಸ. ಆ ವಿದ್ಯೆಯ ಸಾಧನ ಹರಿಗೋಲು, ಇಲ್ಲಿಯ ಜನರ ಬಾಯಲ್ಲಿ ತೆಪ್ಪ. ಅದನ್ನು ಹಿಂದುಳಿದ ಕಾಲದ ಪಳೆಯುಳಿಕೆ ಎಂದು ತಳ್ಳಿಹಾಕುವವರು ಈ ಸೀಮೆಯ ಚರಿತ್ರೆಯ ಒಂದು ಕೀಲನ್ನೇ ಕೈಬಿಟ್ಟಂತೆ.

ಮೊದಲು ಹೊಳೆಯ ಸ್ವಭಾವ ನೋಡಬೇಕು. ಲಿಂಗಸುಗೂರು ತಾಲ್ಲೂಕಿನ ಜಲದುರ್ಗದ ಆಸುಪಾಸಿನಲ್ಲಿ ಕೃಷ್ಣೆ ದಖನ್ ಪ್ರಸ್ಥಭೂಮಿಯಿಂದ ಕೆಳಗಿನ ಬಯಲಿಗೆ ಇಳಿಯುತ್ತಾಳೆ. ಬ್ರಿಟಿಷರ ಕಾಲದ ಇಂಪೀರಿಯಲ್ ಗೆಝೆಟಿಯರ್ ಆ ಇಳಿತವನ್ನು ಸುಮಾರು 3 ಮೈಲಿಯಲ್ಲಿ 408 ಅಡಿ ಎಂದು ಬರೆದಿದೆ. ಮೈಲಿಗೆ 130 ಅಡಿಗೂ ಮೀರಿದ ಇಳಿಜಾರು ಅದು. ಮೈಲಿಗೆ 100 ಅಡಿ ಇಳಿದರೇ ಕಡಿದಾದ ಹಳ್ಳ ಎನ್ನುವ ಕಯಾಕ್ ಸವಾರರು ಈ ಲೆಕ್ಕ ಕೇಳಿದರೆ ಕಿವಿ ನಿಮಿರಿಸಿಯಾರು. ಅಳತೆಯಲ್ಲಿ ತುಸು ಉತ್ಪ್ರೇಕ್ಷೆ ಇದ್ದರೂ ಇರಲಿ, ಹೊಳೆಯ ಗುಣವೇನೂ ಬದಲಾಗದು. ಅಲ್ಲಿಂದ ಕೆಳಗೆ ದೇವದುರ್ಗದ ದಡದಗುಂಟ ಕೃಷ್ಣೆ, ಮಾನ್ವಿ ಮತ್ತು ಗಿಲ್ಲೆಸುಗೂರಿನ ಕಡೆ ತುಂಗಭದ್ರೆ ಬಯಲು ನದಿಗಳಂತೆ ಕಂಡರೂ, ಪಾತ್ರದ ತುಂಬ ಗ್ರಾನೈಟ್ ಗುಂಡುಗಳೇ. ಬೇಸಿಗೆಯಲ್ಲಿ ಬಂಡೆಯಿಂದ ಬಂಡೆಗೆ ಕಾಲಿಟ್ಟು ನಡೆಯಬಹುದಾದ ಕಡೆಯೇ ಶ್ರಾವಣದಲ್ಲಿ ಕೆಂಪು ನೀರು ಬಂಡೆಗಳನ್ನೆಲ್ಲ ಮುಚ್ಚಿ ಹರಿಯುತ್ತದೆ. ಕಾಣುವ ಬಂಡೆಗಿಂತ ಒಂದು ಗೇಣು ನೀರಿನ ಕೆಳಗೆ ಅಡಗಿದ ಬಂಡೆಯೇ ದೋಣಿಗೆ ಅಪಾಯ.

ಇಂಥ ಹೊಳೆಗೆ ಏಣು ಇರುವ, ಹಲಗೆ ಜೋಡಿಸಿದ ಉದ್ದನೆಯ ದೋಣಿ ಒಗ್ಗದು. ನೀರಿನಲ್ಲಿ ಆಳಕ್ಕೆ ಕೂರುವ ದೋಣಿ ಬಂಡೆಗೆ ಬಡಿದರೆ ಹಲಗೆ ಸೀಳಿಹೋಗುತ್ತದೆ. ಹರಿಗೋಲಿನ ಕಟ್ಟು ನೋಡಿ: ಬಿದಿರನ್ನು ಸೀಳಿ ಅಡ್ಡ, ಉದ್ದ, ಓರೆಯಾಗಿ ಹೆಣೆದು ಅಗಲ ಬಾಯಿಯ ಬುಟ್ಟಿ ಮಾಡುತ್ತಾರೆ, ಅಂಚಿಗೆ ದಪ್ಪನೆಯ ಬಿದಿರಿನ ಕಟ್ಟು ಬಿಗಿಯುತ್ತಾರೆ, ಹೊರಮೈಗೆ ಹಿಂದೆ ತೊಗಲು, ಈಗ ಪ್ಲಾಸ್ಟಿಕ್ ಚೀಲ ಹೊದಿಸಿ ಡಾಂಬರು ಬಳಿಯುತ್ತಾರೆ. ಹತ್ತಾರು ಜನ ಕುಳಿತರೂ ತಳ ಒಂದೆರಡು ಗೇಣಿಗಿಂತ ಆಳಕ್ಕೆ ಹೋಗದು. ಬಂಡೆ ತಗುಲಿದರೆ ಹೆಣಿಗೆ ಬಾಗಿ ಜಾರಿಕೊಳ್ಳುತ್ತದೆ. ತೊಗಲು ಹರಿದರೆ ದಡದಲ್ಲೇ ತೇಪೆ ಹಾಕಬಹುದು. ದಾಟಿದ ಮೇಲೆ ಅಂಬಿಗ ಸಣ್ಣ ತೆಪ್ಪವನ್ನು ಬೋರಲಾಗಿ ಬೆನ್ನ ಮೇಲೆ ಹೊತ್ತು ದಡದಲ್ಲಿ ಮೇಲಕ್ಕೆ ನಡೆದುಬಿಡುತ್ತಾನೆ. ಯೂಫ್ರೆಟಿಸ್ ನದಿಯ ದುಂಡು ದೋಣಿ, ವೇಲ್ಸ್ ಸೀಮೆಯ ಬುಟ್ಟಿದೋಣಿ ಹುಟ್ಟಿದ್ದೂ ಇದೇ ತತ್ವದಿಂದ. ಇಂದಿನ ಪ್ಲಾಸ್ಟಿಕ್ ಕಯಾಕಿನ ಅಜ್ಜನಾದ ಗ್ರೀನ್‌ಲ್ಯಾಂಡಿನ ಸೀಲ್ ತೊಗಲಿನ ದೋಣಿಯೂ ಹಂದರದ ಮೇಲೆ ಚರ್ಮ ಬಿಗಿದದ್ದೇ.

ಅದು ನೆಟ್ಟಗೆ ಹೋಗುವುದಿಲ್ಲವಲ್ಲ, ಗಿರಗಿರನೆ ತಿರುಗುತ್ತದಲ್ಲ ಎಂಬುದು ಹಳೆಯ ಆಕ್ಷೇಪ. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಕಡವಿನಲ್ಲಿ ಇದನ್ನೇ ಗಮನಿಸಿದ. ಬುಟ್ಟಿಗೆ ತೊಗಲು ಹೊದಿಸಿದ ಈ ದೋಣಿಗಳಲ್ಲಿ ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ, ಬೇಕಾದರೆ ಕುದುರೆ ಎತ್ತುಗಳನ್ನೂ ಸಾಗಿಸುತ್ತಾರೆ, ಆದರೆ ಇವು ಸದಾ ಸುತ್ತುತ್ತಲೇ ಇರುತ್ತವೆ ಎಂದು ಬರೆದಿಟ್ಟ. ಕಡಲ ದೋಣಿ ಕಂಡ ಕಣ್ಣಿಗೆ ಅದು ಕೊರತೆಯಾಗಿ ಕಂಡದ್ದು ಸಹಜ. ಸೆಳವಿನ ನಡುವೆ ಮಾತ್ರ ತಲೆ ಬಾಲ ಇಲ್ಲದ ದೋಣಿಗೆ ಒಂದು ಅನುಕೂಲ ಉಂಟು: ಉದ್ದನೆಯ ದೋಣಿ ಸೆಳವಿಗೆ ಪಕ್ಕೆಯೊಡ್ಡಿದರೆ ಮಗುಚೀತು, ದುಂಡಗಿರುವುದಕ್ಕೆ ಪಕ್ಕೆಯೇ ಇಲ್ಲ. ಅಂಬಿಗ ಹೊಳೆಯೊಡನೆ ಜಟಾಪಟಿಗೆ ಇಳಿಯುವುದಿಲ್ಲ. ಇಳಿಯಬೇಕಾದ ಜಾಗಕ್ಕಿಂತ ಬಹಳ ಮೇಲೆ ತೆಪ್ಪ ಬಿಡುತ್ತಾನೆ, ಹುಟ್ಟು ಹಾಕುತ್ತ ಅಡ್ಡಕ್ಕೆ ಎಳೆದುಕೊಳ್ಳುತ್ತಾನೆ, ಕೆಳಕ್ಕೆ ಒಯ್ಯುವ ಕೆಲಸವನ್ನು ನೀರಿಗೇ ಬಿಡುತ್ತಾನೆ. ಬಂಡೆಯ ಹಿಂದೆ ಸೆಳವಿಲ್ಲದ ನೀರು ಸಿಕ್ಕಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ. ಇಂದು ಕಯಾಕ್ ಶಾಲೆಗಳಲ್ಲಿ ಹೊಸಬರಿಗೆ ಕಲಿಸುವ ಮೊದಲ ಪಾಠಗಳಲ್ಲೂ ಹೀಗೆ ಅಡ್ಡ ದಾಟುವುದು, ಬಂಡೆಯ ಮರೆಯಲ್ಲಿ ನಿಲ್ಲುವುದು ಇವೆರಡು ಇದ್ದೇ ಇರುತ್ತವೆ.

ಈ ವಿದ್ಯೆ ಎರಡು ನದಿಗಳ ನಡುವಿನ ಈ ನಾಡಿನ ರಾಜಕೀಯವನ್ನೂ ಮುಟ್ಟಿತ್ತು. 1398ರಲ್ಲಿ ವಿಜಯನಗರದ ಸೈನ್ಯ ಕೃಷ್ಣೆಯ ದಕ್ಷಿಣ ದಡದಲ್ಲಿ ಬೀಡುಬಿಟ್ಟಿತ್ತು. ಎದುರು ದಡದಲ್ಲಿ ಬಹಮನಿ ಸುಲ್ತಾನ ಫಿರೂಜ್ ಶಾ. ಹೊಳೆ ತುಂಬಿತ್ತು. ಪಾರಸಿ ಚರಿತ್ರೆಕಾರ ಫೆರಿಷ್ತಾ ಹೇಳುವಂತೆ ಸುಲ್ತಾನನ ಕಡೆಯ ಕಾಜಿ ಸಿರಾಜ್ ಎಂಬವನು ಫಕೀರರ ವೇಷದಲ್ಲಿ ಸಂಗಡಿಗರೊಡನೆ ಶಿಬಿರ ಹೊಕ್ಕು ವಿಜಯನಗರದ ರಾಜಕುಮಾರನನ್ನು ಕೊಂದ. ಆ ಗದ್ದಲದಲ್ಲಿ ಸುಲ್ತಾನನ ದಂಡು ಮೊದಲೇ ಸಿದ್ಧಮಾಡಿಟ್ಟುಕೊಂಡ ತೆಪ್ಪಗಳಲ್ಲಿ ಹೊಳೆ ದಾಟಿತು. ವೇಷಗಾರರ ಕಥೆ ರಂಜಕವಾಗಿದೆ, ಎಲ್ಲರೂ ಅದನ್ನೇ ಹೇಳುತ್ತಾರೆ. ತೆಪ್ಪ ಕಟ್ಟಿದವರು ಇಲ್ಲದಿದ್ದರೆ ಆ ಕೊಲೆಯಿಂದ ಏನೂ ದಕ್ಕುತ್ತಿರಲಿಲ್ಲ. ಇದಕ್ಕೆ ಎದುರಾದ ಉದಾಹರಣೆ 1520ರ ರಾಯಚೂರು ಯುದ್ಧ. ಬಿಜಾಪುರದ ಸುಲ್ತಾನ ಇಸ್ಮಾಯಿಲ್ ಆದಿಲ್ ಶಾ ಸಾಕಷ್ಟು ತೆಪ್ಪಗಳಿಲ್ಲದೆ ಆತುರದಲ್ಲಿ ಕೃಷ್ಣೆಯನ್ನು ದಾಟಿಬಂದ. ಕೃಷ್ಣದೇವರಾಯನ ಕೈಯಲ್ಲಿ ಸೋತಾಗ ಬೆನ್ನ ಹಿಂದೆ ಹೊಳೆ, ಓಡಿದವರಲ್ಲಿ ಎಷ್ಟೋ ಜನ ನೀರುಪಾಲಾದರು. ಈ ಯುದ್ಧದ ಬಗ್ಗೆ ಬರೆದ ರಿಚರ್ಡ್ ಈಟನ್‌ರಂಥ ಇತಿಹಾಸಕಾರರು ಫಿರಂಗಿ ಮತ್ತು ಕೋವಿಗಳ ಪಾತ್ರವನ್ನು ಚೆನ್ನಾಗಿ ಬಿಡಿಸಿಟ್ಟಿದ್ದಾರೆ. ಕಡವಿನ ಲೆಕ್ಕವನ್ನೂ ಅದರ ಪಕ್ಕದಲ್ಲಿ ಇಡಬೇಕು ಎಂಬುದು ನನ್ನ ವಾದ.

ಬುಟ್ಟಿದೋಣಿಯಿಂದ ಯುದ್ಧ ನಿರ್ಧಾರವಾಗುವುದುಂಟೇ, ಭಾರದ ಸರಂಜಾಮನ್ನು ಅದು ಹೊರುವುದುಂಟೇ ಎಂದು ಕೇಳಬಹುದು. ಫೆರಿಷ್ತಾನನ್ನು ಇಂಗ್ಲಿಷಿಗೆ ತಂದ ಬ್ರಿಗ್ಸ್ ಒಂದು ಅಡಿಟಿಪ್ಪಣಿಯಲ್ಲಿ ಉತ್ತರ ಕೊಟ್ಟಿದ್ದಾನೆ: 1812ರಲ್ಲಿ ಬ್ರಿಟಿಷ್ ದಂಡೊಂದು ತನ್ನ ಭಾರಿ ತೋಪುಗಳನ್ನು ಗಾಡಿಯಿಂದ ಇಳಿಸದೆಯೇ ಇಂಥ ಬುಟ್ಟಿಗಳಲ್ಲಿ ತುಂಗಭದ್ರೆ ದಾಟಿಸಿತ್ತು. ಅದಕ್ಕೂ ಮೊದಲು, 1803ರ ಮರಾಠಾ ಯುದ್ಧದ ಹೊತ್ತಿಗೆ, ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ ಈ ಭಾಗದ ಹೊಳೆಗಳಿಗಾಗಿ ಬುಟ್ಟಿದೋಣಿಗಳನ್ನೇ ಮಾಡಿಸಿಕೊಂಡಿದ್ದ. ಜಗತ್ತಿನ ಬಲಿಷ್ಠ ನೌಕಾಪಡೆಯ ದೇಶದವನಿಗೂ ಇಲ್ಲಿ ಬೇರೆ ದಾರಿ ತೋಚಲಿಲ್ಲ.

ಇನ್ನೊಂದು ಪ್ರಶ್ನೆ ಹೆಚ್ಚು ಗಟ್ಟಿಯಾದದ್ದು. ಇಷ್ಟು ಬಲ್ಲ ಅಂಬಿಗರು ಜಲದುರ್ಗದ ಧುಮುಕಿನ ಗುಂಟ ಕೆಳಗಿಳಿಯುವ ಸಾಹಸವನ್ನೇಕೆ ಮಾಡಲಿಲ್ಲ? ಧೈರ್ಯ ಸಾಲಲಿಲ್ಲ ಎನ್ನುವುದು ಸುಲಭ. ನನಗೆ ಕಾಣುವ ಕಾರಣ ಬೇರೆ. ಹೊಳೆಯ ಗುಂಟ ಸಾಗುವ ವ್ಯಾಪಾರ ಇಲ್ಲಿರಲಿಲ್ಲ. ಸರಕು ಎತ್ತಿನ ಮೇಲೆ, ಬಂಡಿಯ ಮೇಲೆ ಸಾಗುತ್ತಿತ್ತು. ಸಂತೆ, ಜಾತ್ರೆ, ಬೀಗತನ, ಹೊಲ ಇವೆಲ್ಲ ಆಚೆ ದಡದಲ್ಲಿದ್ದವು. ಗಿಲ್ಲೆಸುಗೂರಿನ ಕಡೆಯಿಂದ ತುಂಗಭದ್ರೆಗೆ ಇಳಿದರೆ ಈಚೆ ದಡದಲ್ಲಿ ಬಿಚ್ಚಾಲಿ, ಹೊಳೆಯಾಚೆ ಮಂತ್ರಾಲಯ. 1671ರ ಶ್ರಾವಣದಲ್ಲಿ ರಾಘವೇಂದ್ರ ಸ್ವಾಮಿಗಳು ವೃಂದಾವನ ಪ್ರವೇಶಿಸುವ ಸುದ್ದಿ ತಿಳಿದು ಬಿಚ್ಚಾಲಿಯಲ್ಲಿದ್ದ ಅವರ ಶಿಷ್ಯ ಅಪ್ಪಣ್ಣಾಚಾರ್ಯರು ಉಕ್ಕುವ ತುಂಗಭದ್ರೆಯನ್ನು ಸ್ತೋತ್ರ ರಚಿಸುತ್ತಲೇ ದಾಟಿದರು ಎಂಬುದು ಸಂಪ್ರದಾಯ. ಅದನ್ನು ಚರಿತ್ರೆಯ ದಾಖಲೆಯಾಗಿ ನಾನು ಮುಂದಿಡುತ್ತಿಲ್ಲ. ಈ ದಡದ ಜನ ಭಕ್ತಿಯ ತುತ್ತತುದಿಯನ್ನು ಕಲ್ಪಿಸಿಕೊಂಡಾಗಲೂ ಅವರ ಕಣ್ಣಿಗೆ ಕಟ್ಟಿದ್ದು ತುಂಬಿದ ಹೊಳೆಯ ದಾಟು ಎಂಬುದಷ್ಟೇ ನನಗೆ ಮುಖ್ಯ.

ಹಾಗೆಂದು ತೆಪ್ಪವನ್ನು ಪರಂಪರೆ ಎಂದು ಹಾಡಿಹೊಗಳುತ್ತ ಕೂರುವುದು ಕೃಷ್ಣೆಯ ನಡುಗಡ್ಡೆಗಳಲ್ಲಿ ಬದುಕುವ ಜನರಿಗೆ ಮಾಡುವ ಅನ್ಯಾಯ. ರಾಯಚೂರು ತಾಲ್ಲೂಕಿನ ಕುರ್ವಕುರ್ದಾ, ಕುರ್ವಕಲಾ ಊರುಗಳವರಿಗೆ ಅದು ಮೋಜಿನ ಸವಾರಿಯಲ್ಲ, ಆಸ್ಪತ್ರೆಯ ದಾರಿ. 2020ರ ಆಗಸ್ಟಿನಲ್ಲಿ ಕುರ್ವಕಲಾಕ್ಕೆ ಹೊರಟ ತೆಪ್ಪ ಮಗುಚಿ ಜನ ನೀರುಪಾಲಾದರು. ಸೇತುವೆ ಕೇಳುವವರ ಪರವಾಗಿಯೇ ಈ ಚರಿತ್ರೆಯೂ ನಿಲ್ಲುತ್ತದೆ, ಏಕೆಂದರೆ ಅಂಬಿಗನ ವಿದ್ಯೆ ನಿಂತಿದ್ದ ನೆಲವೇ ಈಗ ಕುಸಿದಿದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ, 1982ರಲ್ಲಿ ನಾರಾಯಣಪುರದ ಬಸವಸಾಗರ ಬಂದ ಮೇಲೆ ಹೊಳೆ ಏರುವುದೂ ಇಳಿಯುವುದೂ ಗೇಟುಗಳ ಕೈಯಲ್ಲಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಕೆಳಗಿನ ಊರುಗಳತ್ತ ಹರಿದ ನೀರನ್ನು ಯಾವ ಮೋಡವೂ ಮುನ್ಸೂಚಿಸಿರಲಿಲ್ಲ. ನೀರಿನ ಬಣ್ಣ, ತೇಲಿಬರುವ ಕಸ, ಬಂಡೆಯ ಮೇಲಿನ ಗೆರೆ ನೋಡಿ ಹೊಳೆ ಬರುವುದನ್ನು ಹೇಳುತ್ತಿದ್ದ ಅಂಬಿಗರ ಮನೆತನದವರು ಈಗ ಮಳೆಗಾಲದಲ್ಲಿ ಇಷ್ಟು ಸಾವಿರ ಕ್ಯುಸೆಕ್ ಬಿಡುತ್ತಾರಂತೆ ಎಂಬ ಡಂಗುರಕ್ಕೆ ಕಿವಿಗೊಟ್ಟು ತೆಪ್ಪವನ್ನು ದಡಕ್ಕೆ ಎಳೆದಿಡುತ್ತಾರೆ.