ಮಾತಾಪಿತೃಗಳ ನಿಸಿದಿ ಮತ್ತು ಪರೋಕ್ಷವಿನಯ

ಕಡೂರು, ತರೀಕೆರೆ ಮತ್ತು ಅಜ್ಜಂಪುರಗಳನ್ನು ಒಳಗೊಂಡ ಇಂದಿನ ಚಿಕ್ಕಮಗಳೂರು ಜಿಲ್ಲೆಯು 1947ರವರೆಗೆ ಕಡೂರು ಜಿಲ್ಲೆಯೆಂದೇ ಹೆಸರಾಗಿತ್ತು. ಇಲ್ಲಿಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಆರನೆಯ ಸಂಪುಟವಾಗಿ 1901ರಲ್ಲಿ ಪ್ರಕಟಿಸಿದರು. ಅದರಲ್ಲಿ ಕಡೂರು ತಾಲ್ಲೂಕಿನ ಮೊದಲನೆಯ ಶಾಸನವೇ ಒಬ್ಬ ಜೈನ ತಪಸ್ವಿನಿಗೆ ಸಂಬಂಧಿಸಿದುದು. ಗಂಗ ಬೂತುಗನ ಅಕ್ಕನೂ ಪಡಿಯರ ದೋರಪಯ್ಯನ ಅರಸಿಯೂ ಆಗಿದ್ದ ಪಾಂಬಬ್ಬೆಯು ಕೇಶಲೋಚ ಮಾಡಿಕೊಂಡು, ಮೂವತ್ತು ವರ್ಷ ತಪೋನಿರತಳಾಗಿ, ಪಂಚವ್ರತಗಳನ್ನು ಪಾಲಿಸಿ ಕ್ರಿ.ಶ. 971ರಲ್ಲಿ ಮುಡಿಪಿದಳೆಂದು ಅದರಿಂದ ತಿಳಿದುಬರುತ್ತದೆ. ಮೂರು ವರ್ಷಗಳ ತರುವಾಯ, 974ರಲ್ಲಿ, ಬೂತುಗನ ಮಗ ಮಾರಸಿಂಹನು ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನವನ್ನು ಕೈಕೊಂಡನು. ಸೋದರತ್ತೆ, ಸೋದರಳಿಯ ಇಬ್ಬರ ವಿಷಯದಲ್ಲಿಯೂ ಶಾಸನಕ್ಕೆ ಕಿರೀಟವು ಹಿರಿದಲ್ಲ, ದೇಹತ್ಯಾಗದ ಕ್ರಮವೇ ಹಿರಿದು.

ಅಗಲಿದ ತಾಯಿತಂದೆಗಳಿಗೆ ಮಕ್ಕಳು ನಿಲ್ಲಿಸುವ ಕಲ್ಲು ಎಂತಹುದಾಗಿರಬೇಕು ಎಂಬ ಪ್ರಶ್ನೆಯನ್ನು ಈ ಹಿನ್ನೆಲೆಯಲ್ಲಿ ವಿಚಾರಿಸುವುದು ಯುಕ್ತವಾಗಿದೆ. ಜೈನನಿಗೆ ಇದು ಶಿಲ್ಪದ ಪ್ರಶ್ನೆ ಮಾತ್ರವಲ್ಲ, ಸಿದ್ಧಾಂತದ ಪ್ರಶ್ನೆಯೂ ಹೌದು. ಜೀವವು ತಾನು ಗಳಿಸಿದ ಕರ್ಮವನ್ನು ತಾನೇ ಉಣ್ಣಬೇಕಾದುದರಿಂದ ಮಗನಿಟ್ಟ ಪಿಂಡವು ತಂದೆಯನ್ನು ಮುಟ್ಟುವುದಿಲ್ಲ. ಯಶೋಧರನ ಕಥೆಯಲ್ಲಿ ಮಗನು ಪಿತೃಶ್ರಾದ್ಧಕ್ಕೆಂದು ಅಡಿಗೆ ಮಾಡಿಸಿದ ಮಾಂಸವು, ಪ್ರಾಣಿಯಾಗಿ ಹುಟ್ಟಿದ್ದ ಆ ತಂದೆಯದೇ ಆಗಿತ್ತೆಂಬ ಪ್ರಸಂಗವನ್ನು ವಿದ್ವಾಂಸರು ಬಲ್ಲರು. ಹಾಗಾದರೆ ಅಗಲಿದವರಿಗಾಗಿ ಮಕ್ಕಳು ಮಾಡಬಹುದಾದುದೇನು?

ಶಾಸನಗಳು ಇದಕ್ಕೆ ಒಂದೇ ಪದದಲ್ಲಿ ಉತ್ತರವೀಯುತ್ತವೆ: ಪರೋಕ್ಷವಿನಯ. ತತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಆಭ್ಯಂತರ ತಪಸ್ಸಿನ ಅಂಗವಾದ ವಿನಯವು ಜ್ಞಾನ, ದರ್ಶನ, ಚಾರಿತ್ರ, ಉಪಚಾರ ಎಂದು ನಾಲ್ಕು ಬಗೆಯಾಗಿದೆ. ಪೂಜ್ಯಪಾದರ ಸರ್ವಾರ್ಥಸಿದ್ಧಿಯು ಉಪಚಾರವಿನಯವನ್ನು ವಿವರಿಸುತ್ತ, ಪೂಜ್ಯರು ಕಣ್ಣಮುಂದೆ ಇಲ್ಲದಿರುವಾಗಲೂ ಕಾಯ, ವಾಕ್, ಮನಸ್ಸುಗಳಿಂದ ಅಂಜಲಿ, ಗುಣಸಂಕೀರ್ತನ ಮತ್ತು ಅನುಸ್ಮರಣಗಳನ್ನು ಮಾಡುವುದು ಅದರಲ್ಲಿ ಸೇರುತ್ತದೆಂದು ಹೇಳುತ್ತದೆ. ವಿನಯದಿಂದ ಅಗಲಿದ ಜೀವಕ್ಕೆ ಏನೂ ಸಲ್ಲುವುದಿಲ್ಲ. ವಿನಯಿಸುವವನ ಪರಿಣಾಮವು ಶುದ್ಧವಾಗುತ್ತದೆ. ತರ್ಪಣಕ್ಕೂ ನಿಸಿದಿಗೂ ಇರುವ ಅಂತರವು ಇದೇ.

ನಿಸಿದಿಗಲ್ಲಿನ ರಚನೆಯನ್ನು ಈ ಲಕ್ಷಣದೊಡನೆ ಹೋಲಿಸಿದರೆ ಅವೆರಡರ ಹೊಂದಿಕೆಯು ಸ್ಪಷ್ಟವಾಗುತ್ತದೆ. ಸಾಮಾನ್ಯವಾಗಿ ಮೇಲಣ ಪಟ್ಟಿಕೆಯಲ್ಲಿ ಮುಕ್ಕೊಡೆಯ ಕೆಳಗೆ ಪರ್ಯಂಕಾಸನಸ್ಥನಾದ ಜಿನನೂ ಇಕ್ಕೆಲದಲ್ಲಿ ಚಾಮರಧಾರಿಗಳೂ ಇರುತ್ತಾರೆ. ಕೆಳಗಣ ಪಟ್ಟಿಕೆಯಲ್ಲಿ ಆಚಾರ್ಯನೂ ಅವನಿಗೆ ಅಭಿಮುಖವಾಗಿ ಕೈಮುಗಿದು ಕುಳಿತ ಆರಾಧಕನೂ, ನಡುವೆ ಶಾಸ್ತ್ರವನ್ನಿರಿಸುವ ಠವಣೆಕೋಲೂ ಕಾಣುತ್ತವೆ. ಮುಗಿದ ಕೈಗಳು ಅಂಜಲಿ, ಕೆಳಗಣ ಬರಹವು ಗುಣಸಂಕೀರ್ತನ, ಕಲ್ಲಿನ ಇರವೇ ಅನುಸ್ಮರಣ. ಆರಾಧಕನ ಮುಖವು ವ್ಯಕ್ತಿಯ ಪ್ರತಿಕೃತಿಯಲ್ಲ; ಅರಸಿಗೂ ಸೆಟ್ಟಿತಿಗೂ ಮುದ್ರೆಯೊಂದೇ. ಸಾಯುವವನ ಮುಂದೆ ಶ್ರುತವನ್ನಿರಿಸಿದ ಈ ಚಿತ್ರವು ಹಸ್ತಪ್ರತಿಗಳ ಅಭ್ಯಾಸಿಗಳಿಗೆ ವಿಶೇಷವಾಗಿ ಗಮನಾರ್ಹವಾದುದು.

ನಿಸಿದಿ, ನಿಸಿಧಿ, ನಿಷಿಧಿ, ನಿಸಿಧಿಗೆ ಎಂಬ ರೂಪಗಳು ಶಾಸನಗಳಲ್ಲಿ ದೊರೆಯುತ್ತವೆ. ಶಿವಾರ್ಯರ ಭಗವತೀ ಆರಾಧನೆಯಲ್ಲಿ ನಿಸೀಹಿಯಾ ಎಂಬುದು ಕ್ಷಪಕನ ದೇಹವನ್ನಿರಿಸುವ ಸ್ಥಳ. ಅದು ಏಕಾಂತವೂ ಬೆಳಕುಳ್ಳದ್ದೂ ಆಗಿರಬೇಕು, ಅತಿ ದೂರವೂ ಅತಿ ಸಮೀಪವೂ ಆಗಿರಬಾರದು, ವಿಸ್ತಾರವಾಗಿರಬೇಕು. ಸ್ಥಳವಾಚಕವಾಗಿದ್ದ ಈ ಪದವು ಕನ್ನಡ ನಾಡಿನಲ್ಲಿ ಕಲ್ಲಿಗೂ ಅನ್ವಯಿಸಿತು.

ಮಕ್ಕಳ ಆಯ್ಕೆಗೆ ಸ್ಪಷ್ಟವಾದ ನಿದರ್ಶನವು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮನೆತನದಲ್ಲಿ ದೊರೆಯುತ್ತದೆ. ತಾಯಿ ಪೋಚಿಕಬ್ಬೆಯು ಬದುಕಿರುವಾಗಲೇ ಗಂಗರಾಜನು ಆಕೆಗಾಗಿ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಆದಿನಾಥನ ಬಸದಿಯನ್ನು ಕಟ್ಟಿಸಿದನು. ಇಂದು ಅದು ಕತ್ತಲೆ ಬಸದಿಯೆಂದು ಪ್ರಸಿದ್ಧವಾಗಿದೆ. ಆಕೆ ಶಕವರ್ಷ 1043ರಲ್ಲಿ, ಎಂದರೆ ಕ್ರಿ.ಶ. 1121ರ ಸುಮಾರಿಗೆ, ಸಲ್ಲೇಖನದಿಂದ ದೇಹವನ್ನು ತ್ಯಜಿಸಿದಾಗ ಅವನು ನಿಸಿದಿಯನ್ನು ನಿಲ್ಲಿಸಿದನು. ಜೀವಿಸಿದ್ದ ತಾಯಿಗೆ ಬಸದಿ, ಸಮಾಧಿಯನ್ನು ಸಾಧಿಸಿದ ತಾಯಿಗೆ ಶಿಲೆ. ಬಸದಿಯನ್ನು ಕಟ್ಟಿಸುವ ಶಕ್ತಿಯುಳ್ಳವನೂ ಮರಣಾನಂತರ ಲಿಖಿತ ಶಿಲೆಯನ್ನೇ ಆರಿಸಿಕೊಂಡನೆಂಬುದು ವಿಚಾರಾರ್ಹವಾಗಿದೆ. 1133ರಲ್ಲಿ ಗಂಗರಾಜನು ತೀರಿಕೊಂಡ ಬಳಿಕ ಮಗ ಬೊಪ್ಪನ ಆಯ್ಕೆಯು ಬೇರೆಯಾಯಿತು. ದೋರಸಮುದ್ರದಲ್ಲಿ ತಂದೆಯ ಸ್ಮರಣೆಗೆ ಅವನು ಪಾರ್ಶ್ವನಾಥನ ಬಸದಿಯನ್ನು ಕಟ್ಟಿಸಿ, ತಂದೆಯ ಬಿರುದಿನಿಂದ ಅದಕ್ಕೆ ದ್ರೋಹಘರಟ್ಟ ಜಿನಾಲಯವೆಂದು ಹೆಸರಿಟ್ಟನು. ಪ್ರತಿಷ್ಠೆಯ ಶೇಷೆಯು ಬಂಕಾಪುರದಲ್ಲಿದ್ದ ವಿಷ್ಣುವರ್ಧನನಿಗೆ ತಲುಪಿದಾಗ, ಜಯವೂ ಪುತ್ರೋತ್ಸವವೂ ಒದಗಿದ್ದುದರಿಂದ ಅವನು ದೇವರನ್ನು ವಿಜಯಪಾರ್ಶ್ವನೆಂದು ಕರೆದನು. ಅಜ್ಜಿಯ ಕಲ್ಲು ಆಕೆಯ ಅಂತ್ಯವ್ರತವನ್ನು ಹೇಳುತ್ತದೆ. ತಂದೆಯ ಬಸದಿ ಅವನ ಬಿರುದನ್ನು ಧರಿಸಿದೆ. ಎರಡರಲ್ಲಿಯೂ ಪೂಜ್ಯಸ್ಥಾನವು ಜಿನನದೇ.

ಮೂರನೆಯ ಮಾಧ್ಯಮವು ಓಲೆಗರಿ. ಗುರು ಜಿನಚಂದ್ರದೇವರ ಅಗಲಿಕೆಯ ಬಳಿಕ ಅವರ ಸ್ಮರಣೆಗಾಗಿ ಮಲ್ಲಪಯ್ಯ, ಪುನ್ನಮಯ್ಯ ಸೋದರರು ಪೊನ್ನನಿಂದ ಶಾಂತಿಪುರಾಣವನ್ನು ರಚಿಸಿಸಿದರು. ಮಲ್ಲಪಯ್ಯನ ಮಗಳು ಅತ್ತಿಮಬ್ಬೆಯು ಅದರ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಗುರುವಿಗೆ ಪರೋಕ್ಷವಿನಯವಾಗಿ ಹುಟ್ಟಿದ ಗ್ರಂಥವು ಹೀಗೆ ಮಗಳ ಕೈಯಲ್ಲಿ ತಂದೆಯ ಸತ್ಕಾರ್ಯದ ಮುಂದುವರಿಕೆಯಾಯಿತು. ಠವಣೆಕೋಲಿನ ಮೇಲಣ ಶಾಸ್ತ್ರವನ್ನು ಕಲ್ಲಿನಲ್ಲಿ ಕಂಡರಿಸುವುದೂ ಆ ಶಾಸ್ತ್ರವನ್ನೇ ಪ್ರತಿಮಾಡಿಸುವುದೂ ಒಂದೇ ವಿನಯದ ಎರಡು ಮುಖಗಳು.

ನಿಸಿದಿಯು ಮಕ್ಕಳಿಗಷ್ಟೇ ಮೀಸಲಾದುದಲ್ಲ. ಇದೇ ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ, ಎಂದರೆ ಹಿಂದಿನ ಸೊಸೆವೂರಿನಲ್ಲಿ, ವಿನಯಾದಿತ್ಯ ಹೊಯ್ಸಳನ ಗುರುಗಳಾದ ಶಾಂತಿದೇವರು 1062ರಲ್ಲಿ ಮುಡಿಪಿದಾಗ ಪುರಜನರೇ ಸ್ಮಾರಕವನ್ನು ನಿಲ್ಲಿಸಿದರು.

ನಾಡಿನ ಇತರೆಡೆಗಳಂತೆ ಕಡೂರು, ತರೀಕೆರೆ, ಅಜ್ಜಂಪುರಗಳ ಗ್ರಾಮಗಳಲ್ಲಿಯೂ ಸವೆದ ಸ್ಮಾರಕಶಿಲೆಗಳನ್ನೆಲ್ಲ ವೀರಗಲ್ಲೆಂದೇ ಕರೆಯುವ ರೂಢಿಯಿಂದ ನಿಸಿದಿಗಳು ಗಣನೆಗೆ ಬಾರದೆ ಹೋಗುವ ಅಪಾಯವುಂಟು. ವೀರಗಲ್ಲಿನಲ್ಲಿ ಕಾಳಗವೂ ವೀರನನ್ನು ಒಯ್ಯುವ ಅಪ್ಸರೆಯರೂ, ಮಾಸ್ತಿಗಲ್ಲಿನಲ್ಲಿ ಬಳೆತೊಟ್ಟು ಮೇಲೆತ್ತಿದ ತೋಳೂ ಗುರುತು. ಆಯುಧವಿಲ್ಲದೆ, ಮುಕ್ಕೊಡೆಯೋ ಠವಣೆಕೋಲೋ ಉಳಿದಿದ್ದರೆ ಅದು ನಿಸಿದಿ. ಬರಹವು ಅಳಿದಿದ್ದರೂ ಈ ಎರಡು ಕುರುಹುಗಳಿಂದ ಅದನ್ನು ನಿರ್ಣಯಿಸಬಹುದು.

ಇಂದು ಮಾತಾಪಿತೃಗಳ ಹೆಸರಿನಲ್ಲಿ ಶಿಲೆಯೊಂದನ್ನು ನಿಲ್ಲಿಸಬಯಸುವ ಶ್ರಾವಕನಿಗೂ ಪೂರ್ವಿಕರ ಕ್ರಮವು ಮಾರ್ಗದರ್ಶಕವಾಗಬಲ್ಲುದು. ಅವರು ರೂಪಸಾದೃಶ್ಯವನ್ನು ಬಯಸಲಿಲ್ಲ, ಶೋಕವನ್ನೂ ಕೊರೆಯಿಸಲಿಲ್ಲ. ಅಗಲಿದವರು ಯಾವ ವ್ರತದಲ್ಲಿ ನಿಂತರು, ಯಾರ ಸನ್ನಿಧಿಯಲ್ಲಿ ದೇಹವನ್ನು ಬಿಟ್ಟರು ಎಂಬುದನ್ನು ಬರೆಯಿಸಿ, ಜಿನಬಿಂಬವನ್ನು ಮೇಲಿರಿಸಿ, ತಾಯಿತಂದೆಯರನ್ನು ಅದರ ಕೆಳಗೆ ಕೈಮುಗಿದಂತೆ ಕೂರಿಸಿದರು. ಪಾಂಬಬ್ಬೆಯ ಮೂವತ್ತು ವರ್ಷಗಳು ಸಾವಿರ ವರ್ಷ ಕಳೆದರೂ ತಿಳಿದುಬರುವುದು ಈ ಕ್ರಮದಿಂದಲೇ.