ಕನ್ನಡದಲ್ಲಿ ಶಿಲುಬೆಯ ಅರ್ಥ

ರೋಮನ್ ಅಧಿಕಾರಿಯಾದ ಪೊಂತ್ಯ ಪಿಲಾತನ ಕಾಲದಲ್ಲಿ ಕ್ರಿಸ್ತನು ಮರಣದಂಡನೆಯನ್ನು ಹೊಂದಿದನೆಂಬುದು ಸುವಾರ್ತೆಗಳಿಂದಲ್ಲದೆ ಟ್ಯಾಸಿಟಸನ ಇತಿಹಾಸದಿಂದಲೂ ವಿದಿತವಾಗುತ್ತದೆ. ಆ ದಂಡನೆಯು ವಿಶೇಷವಾಗಿ ದಾಸರಿಗೂ ದಂಗೆಕೋರರಿಗೂ ವಿಧಿಸಲ್ಪಡುತ್ತಿದ್ದುದು. ಇಂತಹ ಅಪಮಾನದ ಮರಣವು ಮೋಕ್ಷಸಾಧನವಾದುದು ಹೇಗೆ? ಯೆಹೂದ್ಯರಿಗೆ ಇದು ಎಡವುವ ಕಲ್ಲು, ಗ್ರೀಕರಿಗೆ ಹುಚ್ಚುತನವೆಂದು ಪೌಲನೇ ಒಪ್ಪಿಕೊಂಡಿರುವನು. ಈ ಪ್ರಶ್ನೆಗೆ ಕನ್ನಡವು ಕೊಟ್ಟ ಉತ್ತರಗಳನ್ನು ಇಲ್ಲಿ ಪರಿಶೀಲಿಸೋಣ.

ಮೊದಲು ಶಬ್ದವಿಚಾರ. 'ಶಿಲುಬೆ'ಯು ತಮಿಳಿನ 'ಸಿಲುವೈ'ಯಂತೆ ಸಿರಿಯಾಕ್ ಭಾಷೆಯ 'ಸ್ಲೀಬಾ' ಎಂಬುದಕ್ಕೆ ಸಂಬಂಧಿಸಿದುದು. ಕೊಂಕಣಿಯ 'ಖುರಿಸ್' ಪೋರ್ಚುಗೀಸರಿಂದ ಬಂದುದು. ಕಳ್ಳರಿಗೆ ವಿಧಿಸುತ್ತಿದ್ದ ದಂಡನೆಗೆ 'ಶೂಲ' ಎಂಬ ಮಾತು ನಮ್ಮ ಕಥೆಗಳಲ್ಲಿ ಪ್ರಸಿದ್ಧವಾಗಿದೆ. 'ಶೂಲ'ವೆಂದೊಡನೆ ಹುಟ್ಟುವ ಭಯವೂ ಹೇಸಿಕೆಯೂ 'ಶಿಲುಬೆ' ಎಂದಾಗ ಹುಟ್ಟುವುದಿಲ್ಲ. ಪರಭಾಷೆಯ ಶಬ್ದವು ಪಾವನವಾಯಿತು. ಆದರೆ ಮೊದಲನೆಯ ಶತಮಾನದ ಶ್ರೋತೃಗಳನ್ನು ನಡುಗಿಸಿದ ಅರ್ಥವು ಅದರಲ್ಲಿ ಮರೆಯಾಯಿತು.

ಎರಡನೆಯದು ತತ್ತ್ವವಿಚಾರ. ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲ್ಲರು 1862ರಲ್ಲಿ 'ಕಥಾಮಾಲೆ'ಯೆಂದು ಕ್ರಿಸ್ತಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ರಚಿಸಿದರು. 1872ರಲ್ಲಿ ಯಜ್ಞವನ್ನು ಕುರಿತು 'ಯಜ್ಞಸುಧಾನಿಧಿ'ಯನ್ನು ಪ್ರಕಟಿಸಿದರು. ಯಜ್ಞವೆಂಬ ಭಾವನೆಯು ಶಿಲುಬೆಯನ್ನು ಈ ನಾಡಿನ ಪಂಡಿತರಿಗೆ ಸಮೀಪಗೊಳಿಸಬಲ್ಲುದು. ಆದರೂ ಭೇದವನ್ನು ಮರೆಯಲಾಗದು. ಯಜ್ಞದಲ್ಲಿ ಯಜಮಾನನು ದೇವತೆಗೆ ಹವಿಸ್ಸನ್ನು ಅರ್ಪಿಸುವನು. ಕ್ರೈಸ್ತಶ್ರದ್ಧೆಯಲ್ಲಾದರೋ ದೇವರೇ ತನ್ನ ಪುತ್ರನನ್ನು ಮನುಷ್ಯರಿಗಾಗಿ ಒಪ್ಪಿಸುವನು. ಪುರುಷಸೂಕ್ತದ ಪುರುಷನ ಬಲಿಯಿಂದ ಜಗತ್ತು ಸೃಷ್ಟಿಯಾಗುವುದು. ಕ್ರಿಸ್ತನ ಬಲಿಯಿಂದ ಸೃಷ್ಟಿಯಾದ ಮನುಷ್ಯನ ಪಾಪವು ಪರಿಹಾರವಾಗುವುದು. ಹೋಲಿಕೆಯು ಬಾಗಿಲೇ ಹೊರತು ಗರ್ಭಗುಡಿಯಲ್ಲ.

ಮೂರನೆಯದು ಕಾವ್ಯವಿಚಾರ. ಅಂದು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದು 1956ರಲ್ಲಿ ಕೇರಳಕ್ಕೆ ಸೇರಿದ ಮಂಜೇಶ್ವರದಲ್ಲಿದ್ದು, ಕ್ರೈಸ್ತರಲ್ಲದ ಗೋವಿಂದ ಪೈಗಳು 1931ರಲ್ಲಿ ಕ್ರಿಸ್ತನ ಕೊನೆಯ ದಿನವನ್ನು 'ಗೊಲ್ಗೊಥಾ' ಎಂಬ ಖಂಡಕಾವ್ಯವಾಗಿಸಿದರು. ಬಳಿಕ ಬುದ್ಧನ ಕೊನೆಯ ದಿನವನ್ನು ಕುರಿತು 'ವೈಶಾಖಿ' ಹುಟ್ಟಿತು. ಸಿದ್ಧಾಂತದ ಹೆಸರನ್ನಿಡದೆ, 'ತಲೆಬುರುಡೆ'ಯೆಂಬ ಅರ್ಥವುಳ್ಳ ವಧಾಸ್ಥಾನದ ಹೆಸರನ್ನೇ ಕವಿಯು ಕಾವ್ಯಕ್ಕೆ ಇಟ್ಟುದು ಗಮನಾರ್ಹವು. 'ಶಿಲುಬೆ'ಯಲ್ಲಿ ಮರೆಯಾದ ಭೀಕರತೆಯು ಈ ಹೆಸರಿನಿಂದ ಮರಳಿ ಬಂದಿದೆ.

ಆದರೆ ಬುದ್ಧನದು ಪರಿನಿರ್ವಾಣ, ಕ್ರಿಸ್ತನದು ವಧೆ. ಮಹಾತ್ಮರಿಬ್ಬರನ್ನು ಸಮಾನವಾಗಿ ಗೌರವಿಸುವ ಓದುಗನು ಈ ವ್ಯತ್ಯಾಸವನ್ನು ಅಳಿಸತಕ್ಕದ್ದಲ್ಲ. ನಂಬುವವನಿಗೆ ಶಿಲುಬೆಯು ಪ್ರಾಯಶ್ಚಿತ್ತ. ನಂಬದವನಿಗೂ ಅದು ನಿರಪರಾಧಿಯ ಮೇಲೆ ನಡೆದ ಅನ್ಯಾಯದ ಸಾಕ್ಷಿ. ಪಾಠ ಹೇಳುವವರು ಮೊದಲನೆಯ ಅರ್ಥವನ್ನು ವಿವರಿಸುವಾಗ ಎರಡನೆಯದನ್ನು ಮುಚ್ಚದಿರುವುದು ಯುಕ್ತವು. ಅನ್ಯಾಯದ ಆಳವನ್ನರಿಯದವನಿಗೆ ಕ್ಷಮೆಯ ಎತ್ತರವೂ ತಿಳಿಯಲಾರದು.