ಒಬ್ಬರಿಗೇ ಕೇಳಿಸುವ ಸದ್ದು: ಕಿವಿಮೊರೆತ ಮತ್ತು ಮೆದುಳಿನ ಚಿತ್ರಗಳ ಚರಿತ್ರೆ

ಇವತ್ತು ನನ್ನ ಪ್ರಶ್ನೆ ಇಷ್ಟೇ: ಒಬ್ಬರಿಗೆ ಮಾತ್ರ ಕೇಳಿಸುವ ಸದ್ದಿಗೆ ಪುರಾವೆ ಯಾವುದು? ಹೊರಗೆ ಏನೂ ಸದ್ದಿಲ್ಲದಿದ್ದರೂ ಕಿವಿ ಗುಂಯ್ ಅಂತಲೇ ಇರುವುದಕ್ಕೆ ಕಿವಿಮೊರೆತ ಅಂತೀವಿ. ವೈದ್ಯರು ಟಿನಿಟಸ್ ಅಂತಾರ. ನಾನು ಸೊಲ್ಲಾಪುರದವನು, ಪವರ್‌ಲೂಮ್ ಊರಿನವರಿಗೆ ಇದು ದೂರದ ವಿಷಯವಲ್ಲ. ವರ್ಷಗಟ್ಟಲೆ ದೊಡ್ಡ ಸದ್ದಿನಲ್ಲಿ ದುಡಿದು ಕಿವಿ ಮಂದವಾಗುವುದು ಇದರ ಮುಖ್ಯ ಕಾರಣಗಳಲ್ಲೊಂದು. ಆದರೆ ನಾನು ಹೇಳಹೊರಟ ಚರಿತ್ರೆ ನಡೆದದ್ದು ಅಮೆರಿಕ ಮತ್ತು ಯುರೋಪಿನ ಪ್ರಯೋಗಾಲಯಗಳಲ್ಲಿ.

1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಕಿವಿ ಚೆನ್ನಾಗಿದ್ದ 80 ಜನರನ್ನು ನಿಶ್ಶಬ್ದ ಕೋಣೆಯಲ್ಲಿ ಕೂರಿಸಿದರು. ಶೇ. 94 ಮಂದಿ ತಮಗೆ ಏನೋ ಸದ್ದು ಕೇಳಿಸಿತು ಅಂದರು. ಇನ್ನೊಂದು ಕಡೆ, ಶಸ್ತ್ರಚಿಕಿತ್ಸೆಯಲ್ಲಿ ಶ್ರವಣ ನರವನ್ನೇ ಕತ್ತರಿಸಿದರೂ ಕೆಲವರಿಗೆ ಮೊರೆತ ನಿಲ್ಲಲಿಲ್ಲ. ಹಾಗಾದರೆ ಅದು ಕಿವಿಯಲ್ಲಷ್ಟೇ ಇಲ್ಲ. 1990ರಲ್ಲಿ ಪಾವೆಲ್ ಜಾಸ್ಟ್ರೆಬಾಫ್ ಇದನ್ನು ಇಲ್ಲದ ಸದ್ದಿನ ಅನುಭವ ಎಂದು ವಿವರಿಸಿದರು. ಕತ್ತರಿಸಿದ ಕಾಲು ನೋಯುತ್ತದಲ್ಲ, ಹಾಗೆ.

ಮೆದುಳಿನಲ್ಲಿ ಇದನ್ನು ನೋಡೋದು ಹೇಗೆ? ಹೋಲಿಸಬೇಕಾದರೆ ಸದ್ದು ಇರುವ ಹೊತ್ತು, ಇಲ್ಲದ ಹೊತ್ತು ಎರಡೂ ಬೇಕಲ್ರಿ. ಈ ಸದ್ದು ನಿಲ್ಲುವುದೇ ಇಲ್ಲ. 1998ರಲ್ಲಿ ಅಮೆರಿಕದ ಬಫಲೋದಲ್ಲಿ ಅಲನ್ ಲಾಕ್‌ವುಡ್ ತಂಡ ಒಂದು ದಾರಿ ಕಂಡುಕೊಂಡಿತು. ದವಡೆ ಬಿಗಿದು ಮೊರೆತವನ್ನು ಏರಿಳಿಸಬಲ್ಲ ನಾಲ್ವರನ್ನು ಪೆಟ್ ಸ್ಕ್ಯಾನಿನಲ್ಲಿ ಪರೀಕ್ಷಿಸಿದರು. ಒಂದು ಕಿವಿಗೆ ಹೊರಗಿನ ಸದ್ದು ಕೊಟ್ಟಾಗ ಮೆದುಳಿನ ಎರಡೂ ಬದಿ ಚುರುಕಾದವು. ಮೊರೆತ ಏರಿಳಿದಾಗ ಒಂದೇ ಬದಿಯ ಶ್ರವಣ ಭಾಗದಲ್ಲಿ ಬದಲಾವಣೆ ಕಂಡಿತು. ಮೊರೆತದ ಮೂಲ ಒಳಗಿವಿಯಲ್ಲ, ಮೆದುಳು ಎಂದು ಅವರು ವಾದಿಸಿದರು.

ಅದೇ ವರ್ಷ ಜರ್ಮನಿಯ ಒಂದು ತಂಡ ಮೆದುಳಿನ ಕಾಂತೀಯ ಸಂಕೇತಗಳನ್ನು ಅಳೆದು, ಶ್ರವಣ ಭಾಗದ ಸ್ವರ-ನಕ್ಷೆಯೇ ಸ್ಥಾನ ಬದಲಿಸಿದೆ ಎಂದಿತು. ಈ ವಿವರಣೆ ಬಹಳ ಪ್ರಭಾವ ಬೀರಿತು. ಆದರೆ 2012ರಲ್ಲಿ ನೆದರ್ಲೆಂಡ್ಸಿನ ಗ್ರೋನಿಂಗನ್‌ನಲ್ಲಿ, ಕಿವಿ ಬಹುತೇಕ ಸರಿಯಿದ್ದೂ ಮೊರೆತವಿದ್ದವರನ್ನು ಎಫ್‌ಎಂಆರ್‌ಐನಲ್ಲಿ ನೋಡಿದಾಗ ನಕ್ಷೆ ದೊಡ್ಡದಾಗಿ ಬದಲಾಗಿರಲಿಲ್ಲ. ಅಂದರೆ ಹಿಂದೆ ಕಂಡದ್ದು ಮೊರೆತದ ಗುರುತೋ, ಕಿವುಡಿನ ಗುರುತೋ ಎಂಬ ಪ್ರಶ್ನೆ ಎದ್ದಿತು. ಮೇಲಾಗಿ ಎಂಆರ್‌ಐ ಯಂತ್ರವೇ ಸುಮಾರು 100 ಡೆಸಿಬೆಲ್ ಗದ್ದಲ ಮಾಡುತ್ತದೆ ನೋಡ್ರಿ! ಅದಕ್ಕಾಗಿ ನಡುನಡುವೆ ಸ್ಕ್ಯಾನ್ ನಿಲ್ಲಿಸಿ ಚಿತ್ರ ತೆಗೆಯುವ ಕ್ರಮ 1990ರ ದಶಕದ ಕೊನೆಗೆ ಬಂತು.

2015ರಲ್ಲಿ ಅಯೋವಾ ಮತ್ತು ನ್ಯೂಕಾಸಲ್ ಸಂಶೋಧಕರಿಗೆ ಅಪರೂಪದ ಅವಕಾಶ ಸಿಕ್ಕಿತು. ಅಪಸ್ಮಾರದ ಚಿಕಿತ್ಸೆಗಾಗಿ ಒಬ್ಬ ರೋಗಿಯ ಮೆದುಳಿನಲ್ಲಿ ಇಲೆಕ್ಟ್ರೋಡ್‌ಗಳಿದ್ದವು. ಆತನಿಗೆ ಕಿವಿಮೊರೆತವೂ ಇತ್ತು. ಹೊರಗಿನ ಸದ್ದು ಕೇಳಿಸಿ ಮೊರೆತವನ್ನು ಕೊಂಚ ಹೊತ್ತು ತಗ್ಗಿಸಿದಾಗ, ಬದಲಾವಣೆ ಶ್ರವಣ ಭಾಗವನ್ನು ದಾಟಿ ಮೆದುಳಿನಲ್ಲಿ ಬಹು ದೂರ ಹಬ್ಬಿತ್ತು.

ಚರಿತ್ರೆಯ ವಿದ್ಯಾರ್ಥಿಯಾಗಿ ನಾನು ಗಮನಿಸುವುದು ಇದು: ದವಡೆಯ ಪ್ರಯೋಗವಾಗಲಿ ಇಲೆಕ್ಟ್ರೋಡ್ ಪ್ರಯೋಗವಾಗಲಿ, "ಈಗ ಜೋರಾಯ್ತು, ಈಗ ಇಳೀತು" ಎಂಬ ರೋಗಿಯ ಮಾತಿಲ್ಲದೆ ಆ ಚಿತ್ರಗಳಿಗೆ ಅರ್ಥವೇ ಇಲ್ಲ. ಗಡ್ಡೆಯಂಥ ಕಾರಣ ಹುಡುಕಲು ಸ್ಕ್ಯಾನ್ ಬೇಕು, ನಿಜ. ಆದರೆ ಈ ಒಬ್ಬರಿಗೆ ಮೊರೆತ ಇದೆಯೋ ಇಲ್ಲವೋ ಎಂದು ತೀರ್ಪು ಕೊಡುವ ಸ್ಕ್ಯಾನ್ ಇನ್ನೂ ಬಂದಿಲ್ಲ. ಹಾಗಾಗಿ ಮಗ್ಗದ ಕೆಲಸಗಾರರೊಬ್ಬರು "ಕಿವಿ ಗುಂಯ್ ಅಂತದ" ಅಂದಾಗ "ಸ್ಕ್ಯಾನಿನಲ್ಲಿ ಏನೂ ಇಲ್ಲ" ಎಂಬುದು ಉತ್ತರವಾಗಲಾರದು. ಅವರ ಮಾತೇ ಇವತ್ತಿಗೂ ಮೊದಲ ದಾಖಲೆ.